ಆ ನಗುವನ್ನು ಕತ್ತರಿಸಬೇಡ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳುಹಿಸಿದ ಹಾಡನ್ನು ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದೆ. ಮೊದಲ ಸಲ ಸುಮ್ಮನೆ ಕೇಳಿದೆ. ಎರಡನೆಯ ಸಲ ನಿನ್ನ ದನಿಯನ್ನೇ ಹಿಡಿದು ಹೋದೆ, ಮೂರನೆಯ ಸಲ ನಿನ್ನ ಗೆಳತಿಯ ದನಿಯನ್ನು. ಎರಡನೆಯ ಚರಣಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತೀರಿ. ಅದರ ಬೆನ್ನಿಗೇ ಯಾರೋ ಒಬ್ಬರು ನಗು ತಡೆದುಕೊಂಡ ಸದ್ದು. ಅರ್ಧ ಸೆಕೆಂಡೂ ಇರಲಾರದು. ಅದನ್ನು ಕತ್ತರಿಸಬೇಕೆ ಎಂದು ಕೇಳಿದ್ದೀಯೆ. ಬೇಡ. ಒಂದೇ ಕೋಣೆಯಲ್ಲಿ ಇಬ್ಬರು ಎದುರುಬದುರು ನಿಂತು ಹಾಡುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದೇ ಅದರಿಂದ.

ಆದರೆ ಹಾಡಿನ ಜೊತೆಗಿದ್ದ ಪತ್ರ ಓದಿ ಕಳವಳವಾಯಿತು. ಹಾಡಿನ ಬಗ್ಗೆ ಮೂರು ಸಾಲು. ಹಿಂದಿನ ಹಾಡನ್ನು ಎಷ್ಟು ಜನ ಕೇಳಿದರು, ಎಷ್ಟು ಜನ ಅರ್ಧಕ್ಕೇ ಬಿಟ್ಟರು ಎಂಬುದರ ಬಗ್ಗೆ ಒಂದು ಪುಟ. ಮಲಗುವ ಮುನ್ನ ಇಬ್ಬರೂ ಆ ಎಣಿಕೆ ನೋಡಿ ಒಬ್ಬರಿಗೊಬ್ಬರು ತಿಳಿಸುತ್ತೀರಂತೆ. ‘ನಾವು ಇದನ್ನು ಖುಷಿಗೆ ಮಾಡುತ್ತಿದ್ದೇವೆ ಮಾವ’ ಎಂಬ ಮಾತೂ ಅದೇ ಪುಟದಲ್ಲಿದೆ. ನೀನು ಸುಳ್ಳು ಬರೆದಿಲ್ಲ ಎಂದು ನನಗೆ ಗೊತ್ತು. ಆದರೆ ಖುಷಿಗೂ ಒಂದು ಬೇಲಿ ಬೇಕಾಗುತ್ತದೆ ಪುಟ್ಟಿ. ನಾನು ಅದನ್ನು ಹಾಕಲಿಲ್ಲ.

ನಿನಗೆ ಇದುವರೆಗೆ ಹೇಳಿರಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ಹಾಡು ಕಟ್ಟುತ್ತಿದ್ದೆವು. ಅವನದು ಗಿಟಾರು, ನನ್ನದು ಸಾಹಿತ್ಯ, ಹಾಡುವುದು ಇಬ್ಬರೂ. ಒಂದು ಟೇಪ್ ರೆಕಾರ್ಡರ್, ಒಂದೇ ಮೈಕು. ಆರು ಹಾಡು ಮಾಡಿದೆವು. ಆರನೆಯದನ್ನು ಕೇಳಿದ ಹಿರಿಯರೊಬ್ಬರು ಮೆಚ್ಚಿಕೊಂಡು, ರಾಗ ಹಾಕಿದವರು ಯಾರು ಎಂದು ಕೇಳಿದರು. ‘ನಾನು’ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಪಲ್ಲವಿಯನ್ನು ಮೊದಲು ಗುನುಗಿದವನು ಅವನು. ಅದು ಮೇಲಕ್ಕೆ ಹೋಗುವ ತಿರುವು ಕೊಟ್ಟವನು ನಾನು. ಅವರು ನಕ್ಕು ಸುಮ್ಮನಾದರು. ನಾವು ಸುಮ್ಮನಾಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಹಳೆಯ ಐದು ಹಾಡುಗಳ ಲೆಕ್ಕವನ್ನೂ ತೆಗೆದೆವು. ಏಳನೆಯ ಹಾಡು ಹುಟ್ಟಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಒಂದು ನೋಟುಬುಕ್ ಇಟ್ಟುಕೊಳ್ಳಿ. ಹಾಡು ಮುಗಿದ ದಿನವೇ, ಇಬ್ಬರ ಮನಸ್ಸೂ ತುಂಬಿರುವಾಗ, ಸಾಹಿತ್ಯದಲ್ಲಿ ಯಾರ ಪಾಲು ಎಷ್ಟು, ರಾಗದಲ್ಲಿ ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಹಾಡಿನ ಮೇಲಿನ ಹಕ್ಕು ಬೇರೆ, ಅದರ ಧ್ವನಿಮುದ್ರಣದ ಮೇಲಿನ ಹಕ್ಕು ಬೇರೆ, ಎರಡನ್ನೂ ಬರೆದಿಡಿ. ಎಲ್ಲವೂ ಸಮಪಾಲು ಎನ್ನುವುದಾದರೆ ಅದನ್ನೂ ಬರೆಯಿರಿ. ಗೆಳೆತನದಲ್ಲಿ ಕಾಗದ ಪತ್ರವೇಕೆ ಎಂದು ನಿನ್ನ ಗೆಳತಿ ಮುಖ ಸಣ್ಣ ಮಾಡಬಹುದು. ಕಾಗದದ ಮೇಲೆ ಕುಳಿತ ಲೆಕ್ಕ ಮನಸ್ಸಿನಲ್ಲಿ ಕೂರುವುದಿಲ್ಲ ಎಂದು ನಾನು ಹೇಳಿದೆನೆಂದು ಅವಳಿಗೆ ತಿಳಿಸು.

ಇನ್ನು ಹಾಡುಗಾರಿಕೆಯ ಮಾತು. ಪಲ್ಲವಿಯ ಕೊನೆಯ ಸ್ವರವನ್ನು ಇಬ್ಬರೂ ಉದ್ದಕ್ಕೆ ಹಿಡಿಯುತ್ತೀರಲ್ಲ, ಅಲ್ಲಿ ದನಿ ಮೆಲ್ಲಗೆ ಅಲೆಯಂತೆ ಏರಿಳಿಯುತ್ತದೆ. ಗಮನಿಸಿದ್ದೀಯಾ? ಒಬ್ಬರ ದನಿ 440 ಹರ್ಟ್ಸ್‌ನಲ್ಲಿದ್ದು, ಅಂದರೆ ಸೆಕೆಂಡಿಗೆ 440 ಸಲ ಕಂಪಿಸುತ್ತಿದ್ದು, ಇನ್ನೊಬ್ಬರದು 442ರಲ್ಲಿದ್ದರೆ ಸೆಕೆಂಡಿಗೆ ಎರಡು ಸಲ ಹಾಗೆ ಮಿಡಿಯುತ್ತದೆ. ಹತ್ತಿರ ಬಂದಷ್ಟೂ ಮಿಡಿತ ನಿಧಾನವಾಗುತ್ತದೆ, ಶ್ರುತಿ ಸೇರಿದಾಗ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಒಂದು ಗುಂಡಿಯಿಂದ ಸರಿಪಡಿಸಬಹುದು ಎಂದು ಬಲ್ಲೆ. ಆದರೂ ಮೊದಲು ಕಿವಿಯಿಂದ ಪ್ರಯತ್ನಿಸಿ. ಕಣ್ಣು ಮುಚ್ಚಿ, ಒಂದೇ ಸ್ವರ ಹಿಡಿದು, ಆ ಅಲೆ ನಿಧಾನವಾಗಿ ಅಡಗುವ ತನಕ ನಿಲ್ಲಿ. ಅಡಗಿದ ಗಳಿಗೆಯಲ್ಲಿ ಯಾವ ದನಿ ನಿನ್ನದು ಎಂದು ನಿನಗೇ ತಿಳಿಯುವುದಿಲ್ಲ, ಮೈ ಜುಮ್ಮೆನ್ನುತ್ತದೆ. ಈ ಸುಖ ಕೇಳುಗರಿಗೆ ದಕ್ಕುವುದಿಲ್ಲ, ಹಾಡುವ ಇಬ್ಬರಿಗೆ ಮಾತ್ರ. ನಾನು ಇಷ್ಟು ವರ್ಷಗಳಲ್ಲಿ ಕಳೆದುಕೊಂಡು ಕೊರಗಿದ್ದು ಅದನ್ನೇ, ಚಪ್ಪಾಳೆಯನ್ನಲ್ಲ.

ಆಗಾಗ ಒಂದೇ ಮೈಕಿನ ಮುಂದೆ ನಿಂತು ಮುದ್ರಿಸಿಕೊಳ್ಳಿ. ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿದರೆ ತಪ್ಪಿದವರೊಬ್ಬರೇ ಮತ್ತೆ ಹಾಡಿದರೆ ಸಾಕು, ಮತ್ತೊಬ್ಬರು ಫೋನ್ ನೋಡುತ್ತಾ ಕೂರಬಹುದು. ಒಂದೇ ಮೈಕಾದರೆ ಒಬ್ಬರ ತಪ್ಪಿಗೆ ಇಬ್ಬರೂ ಮೊದಲಿನಿಂದ ಹಾಡಬೇಕು. ಶ್ರಮ ಹೆಚ್ಚು, ಒಪ್ಪುತ್ತೇನೆ. ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಅಲ್ಲಿ ಗತಿಯಿಲ್ಲ.

ಅವಳು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಬೇಕಾಗಬಹುದು, ಆಮೇಲೆ ಏನು ಗತಿ ಎಂದು ಕೇಳಿದ್ದೀಯೆ. ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಹಾಡಲು ಹೊರಟು ನಿರಾಶರಾಗಬೇಡಿ. ದನಿ ತಲುಪುವುದು ಸುಮಾರು 30 ಮಿಲಿಸೆಕೆಂಡಿಗಿಂತ ತಡವಾದರೆ ತಾಳ ಜಾರತೊಡಗುತ್ತದೆ. ಬದಲಿಗೆ ಅರ್ಧ ಹಾಡು ಕಳುಹಿಸು, ಉಳಿದರ್ಧಕ್ಕೆ ಕಾಯಿ. ಅಮೆರಿಕದಲ್ಲಿ ಬೆನ್ ಗಿಬ್ಬರ್ಡ್, ಜಿಮ್ಮಿ ಟ್ಯಾಂಬೊರೆಲ್ಲೊ ಎಂಬಿಬ್ಬರು ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ಅಂಚೆಯಲ್ಲಿ ಧ್ವನಿಮುದ್ರಣ ಕಳುಹಿಸಿಕೊಳ್ಳುತ್ತಲೇ ಒಂದು ಇಡೀ ಆಲ್ಬಂ ಮಾಡಿ 2003ರಲ್ಲಿ ಹೊರತಂದರು. ತಂಡಕ್ಕೆ ‘ದಿ ಪೋಸ್ಟಲ್ ಸರ್ವೀಸ್’ ಎಂದೇ ಹೆಸರಿಟ್ಟರು. ಲಕೋಟೆ ಬಂದ ದಿನ ಅವರಿಗೆ ಹೇಗನ್ನಿಸಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನೊಂದು ಜೋಡಿಯ ಸಂಗತಿ ನನಗೆ ಇದಕ್ಕಿಂತ ಇಷ್ಟ. ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ 1982ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಓದುತ್ತಿದ್ದಾಗ ಕಟ್ಟಿದ ತಂಡ ‘ಎವೆರಿಥಿಂಗ್ ಬಟ್ ದಿ ಗರ್ಲ್’. ಒಳ್ಳೆಯ ಹೆಸರು ಬಂತು. 1999ರ ಆಲ್ಬಮ್ಮಿನ ಬಳಿಕ 24 ವರ್ಷ ಹೊಸದೊಂದು ಬರಲಿಲ್ಲ. ಮುಂದಿನದು ಬಂದದ್ದು 2023ರಲ್ಲಿ. ಮತ್ತೆ ಕೆಲಸ ಶುರು ಮಾಡಿದಾಗ ಅವರು ಫೈಲುಗಳಿಗೆ ತಂಡದ ಹೆಸರು ಕೊಡದೆ ತಮ್ಮಿಬ್ಬರ ಹೆಸರಿನ ತುಣುಕು ಸೇರಿಸಿ ‘ಟ್ರೆನ್’ ಎಂದು ಬರೆದುಕೊಂಡರಂತೆ. ಹಳೆಯ ಕೀರ್ತಿಯ ಭಾರ ಹೆಗಲೇರದಿರಲಿ ಎಂದು. ನೀವೂ ಹಾಗೆ ಮಾಡಿ. ಒಂದು ಫೋಲ್ಡರ್ ತೆರೆದು ಅದಕ್ಕೆ ನಿಮ್ಮಿಬ್ಬರಿಗಷ್ಟೇ ಅರ್ಥವಾಗುವ ಹೆಸರಿಡಿ. ಅದರಲ್ಲಿರುವ ಹಾಡುಗಳನ್ನು ಎಲ್ಲಿಯೂ ಹಾಕಬೇಡಿ, ನನಗೂ ಕಳುಹಿಸಬೇಡಿ. ಹೊರಗೆ ಬಿಟ್ಟ ಹಾಡುಗಳ ಎಣಿಕೆಯನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ಅದೂ ಹಗಲಿನಲ್ಲಿ.

ಹೆಡ್‌ಫೋನಿನ ದನಿ ತಗ್ಗಿಸಿಕೋ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ನಿಮ್ಮಿಬ್ಬರ ಕಿವಿಗಳು ಇನ್ನೂ ಬಹಳ ಕಾಲ ಬೇಕು.

ಇದರ ಜೊತೆಗೆ ಒಂದು ಕ್ಯಾಸೆಟ್ ಇಟ್ಟಿದ್ದೇನೆ. ನಮ್ಮ ಆರು ಹಾಡುಗಳೂ ಅದರಲ್ಲಿವೆ. ನಾಲ್ಕನೆಯದರ ನಡುವೆ ಅವನು ಸಾಲು ಮರೆತು ನಗುತ್ತಾನೆ, ಆಗ ನಾನು ಸಿಡುಕಿದ್ದೆ. ಅದನ್ನು ಕಂಪ್ಯೂಟರಿಗೆ ಹಾಕಿ ಎರಡು ಪ್ರತಿ ಮಾಡಿಕೊಡು. ಒಂದು ನನಗೆ, ಇನ್ನೊಂದು ಅವನಿಗೆ. ವಿಳಾಸ ಹುಡುಕಿಕೊಂಡಿದ್ದೇನೆ.

ಇಂತಿ ನಿನ್ನ ಪ್ರೀತಿಯ,
ಮಾವ