ಕಂಪ್ಯೂಟರ್ ಕ್ಲಾಸಿನವರು ಶೆಲ್ ಕೂಡ ಕಲಿಸಲಿ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ಈಗ ಯಾವ ಕಂಪ್ಯೂಟರ್ ಕ್ಲಾಸಿನ ಬೋರ್ಡ್ ನೋಡಿದರೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯದೇ ಹೆಸರು. ಬೇಡ ಅನ್ನುವುದಿಲ್ಲ. ಆದರೆ ಹೋದ ಸುಗ್ಗಿಯಲ್ಲಿ ನಮ್ಮ ರೈಸ್ ಮಿಲ್ಲಿಗೆ ಒಬ್ಬ ಡಿಪ್ಲೊಮಾ ಹುಡುಗ ಬಂದಿದ್ದ. ಒಂದು ಫೋಲ್ಡರಿನ ಫೈಲುಗಳ ಹೆಸರಿಗೆಲ್ಲ ತಾರೀಕು ಸೇರಿಸಿ ಪೆನ್‌ಡ್ರೈವ್‌ಗೆ ಹಾಕಪ್ಪಾ ಅಂದೆ. ಊಟದ ಹೊತ್ತಿನ ತನಕ ಕೂತು ಪೈಥಾನ್‌ನಲ್ಲಿ 40 ಸಾಲು ಬರೆದ. ಕೆಲಸವೇನೋ ಆಯಿತು, ಸುಳ್ಳು ಹೇಳಬಾರದು. ಶೆಲ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ನೇರವಾಗಿ ಆದೇಶ ಟೈಪ್ ಮಾಡುವ ಕಡೆ, ಅದು ನಾಲ್ಕು ಸಾಲು. ಶೆಲ್ ಅಂತ ಒಂದಿದೆ ಎಂದು ಅವನಿಗೆ ಯಾರೂ ತೋರಿಸಿಯೇ ಇರಲಿಲ್ಲ.

ನಾನು ಮಿಲ್ಲಿನ ಗುಮಾಸ್ತ, ಓದಿದ್ದು ಬಿ.ಕಾಂ. ಕಾಟಾ ರೂಮಿನ ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ಭತ್ತದ ಲಾರಿ ಕಾಟಾ ಇಳಿದಾಗೆಲ್ಲ ಫೈಲಿಗೆ ಒಂದು ಸಾಲು ಸೇರುತ್ತದೆ: ಗಾಡಿ ನಂಬರ್, ಲೋಡ್ ತೂಕ, ಖಾಲಿ ತೂಕ, ನಿವ್ವಳ. ರಾತ್ರಿ ಸಾಹುಕಾರರು ಕೇಳುವುದು ಒಂದೇ ಮಾತು, ಇವತ್ತು ಎಷ್ಟು ಕ್ವಿಂಟಲ್ ಬಂತು? ಅದಕ್ಕೆ ನಾನು ಬಳಸುವುದು ಆಕ್, ಫೈಲಿನ ಸಾಲು, ಕಾಲಂ ಹಿಡಿದು ಲೆಕ್ಕ ಮಾಡುವ ಪುಟ್ಟ ಭಾಷೆ. ನಾಲ್ಕನೇ ಕಾಲಂ ಕೂಡಿಸುತ್ತಾ ಹೋಗು, ಕೊನೆಗೆ ನೂರರಿಂದ ಭಾಗಿಸಿ ಹೇಳು. ಒಂದೇ ಸಾಲಿನಲ್ಲಿ ಮುಗಿಯಿತು. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಆಹೋ, ವೈನ್‌ಬರ್ಗರ್, ಕರ್ನಿಗನ್ ಮೂವರೂ ಸೇರಿ ಮಾಡಿದ್ದು. ಅವರ ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರಗಳೇ (AWK) ಅದರ ಹೆಸರು, ನಮ್ಮ ಕಡೆ ಪಾಲುದಾರರು ಅಂಗಡಿಗೆ ಹೆಸರಿಟ್ಟ ಹಾಗೆ.

ಶೆಲ್ ಸಾಧು ಅಂತಲೂ ತಿಳಿಯಬೇಡಿ. ಒಮ್ಮೆ ‘ಹಳೇ ಲೆಕ್ಕ’ ಅನ್ನುವ ಫೋಲ್ಡರ್ ಅಳಿಸಲು ಹೋಗಿ, ಹೆಸರಿನ ಸುತ್ತ ಕೋಟ್ಸ್ ಹಾಕುವುದನ್ನು ಮರೆತೆ. ಶೆಲ್‌ಗೆ ನಡುವೆ ಜಾಗ ಕಂಡರೆ ಅದು ಎರಡು ಹೆಸರು. ‘ಹಳೇ’ ಅನ್ನುವುದು ಇಲ್ಲ ಅಂತ ಒಂದು ಸಾಲು ಗೊಣಗಿತು. ‘ಲೆಕ್ಕ’ ಇತ್ತು. ಅದು ಆ ವರ್ಷದ್ದು! ಕೇಳದೆ ಅಳಿಸಿ ಕೂತಿತು. ಎರಡು ರಾತ್ರಿ ಕಾಟಾ ಚೀಟಿ ನೋಡಿ ನೋಡಿ ಮತ್ತೆ ಟೈಪ್ ಮಾಡಿದೆ. ಪೈಥಾನ್‌ನಲ್ಲಿ ಈ ಕಾಟ ಇಲ್ಲ, ಹೆಸರಿನಲ್ಲಿ ಎಷ್ಟು ಜಾಗ ಇದ್ದರೂ ಅದು ಒಂದೇ ಹೆಸರು. ಅಲ್ಲದೆ ಬ್ಯಾಶ್ ಅನ್ನುವ ಶೆಲ್‌ಗೆ ತಾನಾಗಿ ದಶಮಾಂಶದ ಲೆಕ್ಕ ಬರುವುದಿಲ್ಲ. ತೇವಾಂಶದ ಕಡಿತ, ಕಮಿಷನ್, ತಾರೀಕಿನ ಬಡ್ಡಿ ಬಂದರೆ ನಾನೂ ಪೈಥಾನ್‌ಗೇ ಹೋಗುತ್ತೇನೆ. ಸ್ಕ್ರಿಪ್ಟ್, ಅಂದರೆ ಫೈಲಿನಲ್ಲಿ ಬರೆದಿಟ್ಟ ಆದೇಶಗಳ ಸಾಲು, ಒಂದು ಸ್ಕ್ರೀನ್ ದಾಟಿದರೂ ಅಷ್ಟೇ.

ಆದರೆ ಹಿಂದೆ ಇದ್ದ ಹುಡುಗ ಪೈಥಾನ್ 2ರಲ್ಲಿ ಬರೆದಿಟ್ಟದ್ದು ಹೊಸ ಕಂಪ್ಯೂಟರಿನಲ್ಲಿ ಮೊದಲ ಪ್ರಿಂಟ್ ಸಾಲಿಗೇ ಬಿತ್ತು. ಪೈಥಾನ್ 3ಕ್ಕೆ ಅಲ್ಲಿ ಆವರಣ ಬೇಕಂತೆ. ಹಳೆಯದಕ್ಕೆ 2020ರ ಜನವರಿ 1ಕ್ಕೆ ಬೆಂಬಲವೇ ನಿಂತಿತ್ತು. ನಾನು 2011ರಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಒಂದಕ್ಷರ ಬದಲಾಗದೆ ಇವತ್ತಿಗೂ ಓಡುತ್ತಿದೆ.

ಪರ್ಲ್ ಅನ್ನುವ ಇನ್ನೊಂದು ಭಾಷೆ ಕೂಡ ನೋಡಿದೆ. ಆರು ತಿಂಗಳ ಮೇಲೆ ನಾನೇ ಬರೆದದ್ದು ನನಗೇ ಅರ್ಥವಾಗಲಿಲ್ಲ, ಬಿಟ್ಟೆ. ಆಫೀಸಿನ ವಿಂಡೋಸ್‌ನಲ್ಲಿ ಅದರದೇ ಶೆಲ್ ಇದೆ, ಹೆಸರು ಪವರ್‌ಶೆಲ್. ಅದರಲ್ಲಿ ಕಾಲಂ ಎಣಿಸಬೇಕಿಲ್ಲ, ‘ನಿವ್ವಳ’ ಅಂತ ಹೆಸರು ಹಿಡಿದೇ ಕೇಳಬಹುದು. ಒಳ್ಳೆಯ ಸಾಮಾನು. ಆದರೆ ಮೊದಲ ದಿನ ನನ್ನ ಸ್ಕ್ರಿಪ್ಟ್ ಓಡಿಸಲು ಅನುಮತಿಯೇ ಇಲ್ಲ ಅಂದಿತು. ಆ ಸೆಟ್ಟಿಂಗ್ ಹುಡುಕುವುದರಲ್ಲಿ ಎರಡು ಚಹಾ ಮುಗಿದವು.

ಜಿಲ್ಲೆಯ ಕಂಪ್ಯೂಟರ್ ಕ್ಲಾಸಿನವರಲ್ಲಿ ಕೇಳುವುದು ಇಷ್ಟೇ. ಪೈಥಾನ್‌ಗೆ ಮೊದಲು ಹದಿನೈದು ದಿನ ಶೆಲ್ ಮತ್ತು ಆಕ್ ಹೇಳಿಕೊಡಿ. ಲಿನಕ್ಸ್‌ಗೆ ದುಡ್ಡು ಬೇಕಿಲ್ಲ, ಮೂಲೆಗೆ ಬಿದ್ದ ಕಂಪ್ಯೂಟರೂ ಸಾಕು. ಮಕ್ಕಳನ್ನು ಕರೆದುಕೊಂಡು ಬಂದರೆ ಕಾಟಾ ರೂಮಿನಲ್ಲಿ ನಾನೇ ತೋರಿಸುತ್ತೇನೆ. ನವೆಂಬರ್, ಡಿಸೆಂಬರ್‌ನಲ್ಲಿ ಮಾತ್ರ ಬೇಡ. ಆಗ ಲಾರಿಗಳ ಸಾಲು ಗೇಟಿನ ಹೊರಗೆ ರಸ್ತೆಯ ತನಕ ನಿಂತಿರುತ್ತದೆ.

ರೈಸ್ ಮಿಲ್ ಗುಮಾಸ್ತ,
ಗಂಗಾವತಿ, ಕೊಪ್ಪಳ ಜಿಲ್ಲೆ