ಪತ್ತನಾಜೆಗೆ ಮೊದಲು ಬಂದರಿನ ಮಾಡು ಏರಬೇಕು: ಕಲಾಬಂಧುಗಳಲ್ಲಿ ದೇಣಿಗೆಗಾಗಿ ಮನವಿ

ಪ್ರೀತಿಯ ಕಲಾಬಂಧುಗಳೇ,

ಕಳೆದ ಆಟಿ (ಜುಲೈ-ಆಗಸ್ಟ್) ತಿಂಗಳ ಒಂದು ರಾತ್ರಿ, ಕಲಾವಿದರು ಕೆಲವು ತಿಂಗಳು ಉಳಿದು ಕೆಲಸ ಮಾಡಲೆಂದು ನಾವು ನಡೆಸುತ್ತಿರುವ ಮಂಗಳೂರು ಹಳೆ ಬಂದರಿನ ಗೋದಾಮಿನ ಪಡುಬದಿಯ ಮಾಡು (ಛಾವಣಿ) ಕುಸಿದುಬಿದ್ದದ್ದು ನಿಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಮರುದಿನ ಬೆಳಗ್ಗೆ ಏಳಕ್ಕೆಲ್ಲ ಕೊಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತವರು ನೀವೇ. ಯಾರೋ ಟಾರ್ಪಾಲು ತಂದಿರಿ, ಯಾರೋ ದೋಣಿ ನಿಲ್ಲುವ ಧಕ್ಕೆಯಿಂದ ಹಗ್ಗ ತಂದು ಬಿಗಿದು ಕಟ್ಟಿಸಿದಿರಿ, ಇಬ್ಬರು ತಾಯಂದಿರು ಮನೆಯಿಂದ ಗಂಜಿ, ಉಪ್ಪಿನಕಾಯಿ ತಂದು ಕಲಾವಿದರಿಗೆ ಬಡಿಸಿದಿರಿ. ಆ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಅದೇ ಟಾರ್ಪಾಲು ಈಗ ಬಿಸಿಲಿಗೆ ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಅದನ್ನು ನಂಬಿ ಇನ್ನೊಂದು ಮಳೆಗಾಲಕ್ಕೆ ಕಾಲಿಡುವ ಧೈರ್ಯ ನಮಗಿಲ್ಲ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಮೇ ಕೊನೆಯ ವಾರದ ಪತ್ತನಾಜೆಗೆ ಮೊದಲು, ಮಾಡು ಮತ್ತೆ ಏರಲೇಬೇಕು.

ಆ ರಾತ್ರಿ ಒಳಗೆ ಮೂವರು ಕಲಾವಿದರಿದ್ದರು. ಅವರಲ್ಲಿ ಕೊಪ್ಪಳದ ಕಡೆಯ ಒಬ್ಬ ಹೆಣ್ಣುಮಗಳು ಎರಡು ತಿಂಗಳಿಂದ ಹಲಸಿನ ಹಲಗೆಗಳಲ್ಲಿ ಚಿತ್ರ ಮುದ್ರಿಸುವ ಅಚ್ಚು ಕೊರೆಯುತ್ತಿದ್ದಳು. ಅವಳ ಊರಿನ ಮನೆ ಒಂದೇ ಕೋಣೆಯದು. ಅಲ್ಲಿ ಹಲಗೆ ಹಾಸಿ ಕುಳಿತರೆ ಮನೆಯವರು ಕಾಲು ಚಾಚುವಂತಿಲ್ಲ. ದೊಡ್ಡ ಅಚ್ಚು ಮಾಡಬೇಕೆಂಬ ಆಸೆಯನ್ನು ಆರು ವರ್ಷ ಹೊತ್ತು ತಿರುಗಿ, ಕೊನೆಗೆ ನಮ್ಮಲ್ಲಿಗೆ ಬಂದವಳು. ಮೇಲೆ ಹಂಚು ಹೊತ್ತ ಪಕ್ಕಾಸು ಬಿರಿಯುವ ಸದ್ದು ಕೇಳಿದ ಕೂಡಲೇ ಉಳಿದಿಬ್ಬರು ಹೊರಗೆ ಬಾ ಎಂದು ಕೂಗಿದರು. ಅವಳು ಮೊದಲು ತಾನು ಮಲಗಿದ್ದ ಹಾಸಿಗೆಯನ್ನು ಎಳೆದು ಅಚ್ಚುಗಳ ಮೇಲೆ ಹೊದಿಸಿದಳು, ಆಮೇಲೆ ಜಗಲಿಗೆ ಓಡಿದಳು. ಬೆಳಗ್ಗೆ ಹಂಚಿನ ರಾಶಿ ಸರಿಸಿದಾಗ ಹಾಸಿಗೆ ಹರಿದು, ನೀರು ಕುಡಿದು, ನಾಲ್ವರು ಎತ್ತುವಷ್ಟು ಭಾರವಾಗಿತ್ತು. ಅಡಿಯಲ್ಲಿ ಹನ್ನೊಂದು ಅಚ್ಚುಗಳೂ ಇದ್ದ ಹಾಗೆಯೇ ಇದ್ದವು. ಕಾಗದದ ಮೇಲೆ ಮುದ್ರಿಸಿ ಹಗ್ಗಕ್ಕೆ ನೇತುಹಾಕಿದ್ದ ಪ್ರತಿಗಳು ಮಾತ್ರ ಒಂದೂ ಉಳಿಯಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೇ ದೇವರ ದಯೆ.

ಕುಸಿದದ್ದೇಕೆ ಎಂಬುದನ್ನು ದಾನಿಗಳಿಂದ ಮುಚ್ಚಿಡುವುದು ಸರಿಯಲ್ಲ. ಎರಡು ಮಾಡುಗಳು ಕೂಡುವಲ್ಲಿ ನೀರು ಹರಿದುಹೋಗಲು ಹಾಕಿದ್ದ ತಗಡಿನ ದಂಬೆ ತುಕ್ಕು ಹಿಡಿದು ತೂತಾಗಿತ್ತು. ನೀರು ನೆಲಕ್ಕೆ ತೊಟ್ಟಿಕ್ಕಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅದು ಮುರಕಲ್ಲಿನ ಗೋಡೆಯೊಳಗೇ ಇಳಿಯುತ್ತಿತ್ತು. ನಮಗಿಂತ ಮೊದಲು ಯಾರೋ ಆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ, ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಗೋಡೆಯಲ್ಲಿ ಹುದುಗಿದ್ದ ತೊಲೆಯ ತುದಿ ವರ್ಷಗಟ್ಟಲೆ ನೆನೆದು ಕೊಳೆಯಿತು, ಉಳಿದದ್ದನ್ನು ಗೆದ್ದಲು ತಿಂದಿತು. ಹೊರಗಿನಿಂದ ಬೋಗಿ ಮರದ ಆ ತೊಲೆ ಕಬ್ಬಿಣದ ಹಾಗೆ ಕಾಣುತ್ತಿತ್ತು. ದಂಬೆಯನ್ನು ಎರಡು ವರ್ಷ ಮೊದಲೇ ಬದಲಾಯಿಸಿದ್ದರೆ ಇಂದು ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆ ತಪ್ಪು ನಮ್ಮದು, ವಿಶ್ವಸ್ತರಾದ ನಮ್ಮೆಲ್ಲರದು.

ತಗಡಿನ ಶೀಟು ಹೊದಿಸಿಬಿಡಿ, ಮೂರರಲ್ಲೊಂದು ಪಾಲು ಖರ್ಚಿನಲ್ಲಿ ಮುಗಿಯುತ್ತದೆ ಎಂದು ಹಿತೈಷಿಗಳೇ ಹೇಳಿದರು. ವಿಶ್ವಸ್ತರ ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಏಪ್ರಿಲ್ ತಿಂಗಳಲ್ಲಿ ಶೀಟಿನ ಕೆಳಗೆ ಕುಳಿತು ಯಾರೂ ಚಿತ್ರ ಬರೆಯಲಾರರು, ಜುಲೈಯಲ್ಲಿ ಅದರ ಕೆಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಇದು ಒಂದು ಕಾರಣ. ಇನ್ನೊಂದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ನೇತ್ರಾವತಿ, ಫಲ್ಗುಣಿ ನದಿಗಳ ದಂಡೆಯ ಮಣ್ಣು ಹಂಚಾಗಿ, ಇದೇ ಬಂದರಿನಿಂದ ಹಡಗು ಹತ್ತಿ ದೇಶ ವಿದೇಶಗಳಿಗೆ ಹೋಗಿದೆ. ಮಂಗಳೂರು ಹಂಚು ಎಂದೇ ಲೋಕ ಅದನ್ನು ಕರೆಯುತ್ತದೆ. ಆ ಹಂಚಿಗೆ ಮಂಗಳೂರಿನ ಬಂದರಿನಲ್ಲೇ ಜಾಗವಿಲ್ಲ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಬಿದ್ದ ಹಂಚುಗಳಲ್ಲಿ ಒಡೆಯದೆ ಉಳಿದವನ್ನು ಆಯ್ದು ಅಂಗಳದಲ್ಲಿ ಪೇರಿಸಿಟ್ಟಿದ್ದೇವೆ. ಪಾಚಿ ಉಜ್ಜಿ ತೆಗೆದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ನಿಚ್ಚಳವಾಗಿ ಕಾಣುತ್ತದೆ. ಅವುಗಳಲ್ಲಿ ಒಂದರ ಮೇಲೆ ನಾಲ್ಕು ಬೆರಳುಗಳ ಗುರುತಿದೆ. ಹಸಿ ಹಂಚನ್ನು ಒಣಗಲು ಎತ್ತಿಡುವಾಗ ಯಾರದೋ ಕೈ ತುಸು ಒತ್ತಿ ಹಿಡಿದಿರಬೇಕು. ಆ ಗುರುತು ಭಟ್ಟಿಯಲ್ಲಿ ಬೆಂದು ಹಾಗೆಯೇ ನಿಂತಿದೆ. ನಾನು ನನ್ನ ಬೆರಳುಗಳನ್ನು ಇಟ್ಟು ನೋಡಿದೆ. ಕೂರಲಿಲ್ಲ, ಆ ಕೈ ಅಷ್ಟು ಸಣ್ಣದು. ಆ ಹಂಚನ್ನು ಮಾಡಿಗೆ ಏರಿಸುವುದಿಲ್ಲ, ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತೇವೆ.

ಹನ್ನೊಂದು ಮಳೆಗಾಲಗಳ ಹಿಂದೆ ಈ ಕೆಲಸ ಆರಂಭಿಸಿದಾಗ ಬಂದರಿನಲ್ಲಿ ಚಿತ್ರಕಾರರಿಗೇನು ಕೆಲಸ ಎಂದು ಕೇಳಿದವರಿದ್ದರು. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕೆಲಸ ಶುರುಮಾಡಿದ ಮೇಲೆ ದೊಡ್ಡ ಹಡಗುಗಳ ವ್ಯಾಪಾರ ಅತ್ತ ಸರಿಯಿತು. ಹಳೆ ಬಂದರಿಗೆ ಮೀನಿನ ದೋಣಿಗಳೂ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಉಳಿದವು. ಕೊಬ್ಬರಿ, ಅಡಿಕೆ, ಕಾಫಿ ತುಂಬಿರುತ್ತಿದ್ದ ಗೋದಾಮುಗಳು ಖಾಲಿಯಾದವು. ಅಂಥ ಒಂದನ್ನು ಅದರ ಮಾಲೀಕರ ಕುಟುಂಬ ನಾಮಮಾತ್ರದ ಬಾಡಿಗೆಗೆ ನಮಗೆ ಬಿಟ್ಟುಕೊಟ್ಟಿತು. ಆಮೇಲೆ ರಥಬೀದಿಯ ಮಹಡಿ ಮನೆಯೂ ಸಿಕ್ಕಿತು. ಗೋದಾಮಿನಲ್ಲಿ ದುಡಿಮೆ, ಮಹಡಿ ಮನೆಯಲ್ಲಿ ಊಟ, ವಸತಿ ಮತ್ತು ಪುಸ್ತಕ ಎಂಬ ನಮ್ಮ ವ್ಯವಸ್ಥೆಯನ್ನು ನೀವು ಬಲ್ಲಿರಿ. ಸೆಖೆಗೆ, ಕೆಲಸದ ಗುಂಗಿಗೆ ಗೋದಾಮಿನಲ್ಲೇ ಮಲಗುವವರೂ ಇದ್ದಾರೆ. ಇದುವರೆಗೆ ಅರವತ್ತಕ್ಕೂ ಹೆಚ್ಚು ಕಲಾವಿದರು ಎರಡರಿಂದ ನಾಲ್ಕು ತಿಂಗಳು ನಮ್ಮಲ್ಲಿ ಉಳಿದು ಹೋಗಿದ್ದಾರೆ. ಯಾರಿಂದಲೂ ಒಂದು ರೂಪಾಯಿ ಪಡೆದಿಲ್ಲ.

ಹೊರಗಿನ ಕಲಾವಿದರನ್ನು ಕರೆಸಿ ಅನ್ನ ಹಾಕುವುದೇಕೆ ಎಂಬ ಪ್ರಶ್ನೆಗೆ ನಮ್ಮ ಊರೇ ಉತ್ತರ ಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದರು. ಆ ಚಿತ್ರಗಳನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇಲ್ಲಿ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿ. ಪರವೂರಿನವರು ಬಂದು ನೆಲೆನಿಂತು ದುಡಿದದ್ದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ನಮ್ಮವರಾದರೋ ಹೊರಗೆ ಹೋಗಬೇಕಾಯಿತು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕಲಿಯಲು, ಬೆಳೆಯಲು ಮುಂಬಯಿಯ ದಾರಿ ಹಿಡಿದರು. ಇಂದಿಗೂ ಬಂಟ್ವಾಳ, ಕಾರ್ಕಳ, ಕುಂದಾಪುರದ ಮಕ್ಕಳು ಕಲಾಶಾಲೆ ಮುಗಿಸಿ ಅದೇ ಬಸ್ಸು ಹತ್ತುತ್ತಾರೆ. ಅವರಲ್ಲಿ ಎಷ್ಟೋ ಜನ ಅಲ್ಲಿ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದಾರೆ. ಆದ್ದರಿಂದಲೇ ಪ್ರತಿ ಸಲ ಐವರಲ್ಲಿ ಇಬ್ಬರು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳವರೇ ಆಗಿರಬೇಕೆಂಬ ನಿಯಮ ಮಾಡಿಕೊಂಡಿದ್ದೇವೆ.

ಹಳೆ ಕಟ್ಟಡಕ್ಕೆ ಕಲೆಯಿಂದ ಜೀವ ಬರುತ್ತದೆ ಎಂಬುದಕ್ಕೆ ಬೇರೆ ಊರುಗಳಲ್ಲೂ ಸಾಕ್ಷಿಗಳಿವೆ. ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಬಿಯೆನ್ನಾಲೆ ಎಂಬ ಎರಡು ವರ್ಷಕ್ಕೊಮ್ಮೆಯ ಕಲಾಪ್ರದರ್ಶನ ಆರಂಭವಾದದ್ದು ಆಸ್ಪಿನ್‌ವಾಲ್ ಕಂಪನಿಯ ಹಳೆಯ ಕಟ್ಟಡಗಳನ್ನೇ ಮುಖ್ಯ ತಾಣವಾಗಿ ಮಾಡಿಕೊಂಡು. ನಮ್ಮದು ಅಷ್ಟು ದೊಡ್ಡದಲ್ಲ. ಆದರೆ ಇಲ್ಲಿ ನಡೆಯುವ ಕೆಲಸ ಚಿಕ್ಕದಲ್ಲ.

ಒಂದನ್ನಾದರೂ ಹೇಳಬೇಕು. ಕಲಬುರಗಿಯಿಂದ ಬಂದ ಒಬ್ಬ ಚಿತ್ರಕಾರ ಯಕ್ಷಗಾನವನ್ನೇ ನೋಡಿದವರಲ್ಲ. ನಮ್ಮ ಹಿರಿಯ ಬಣ್ಣದ ವೇಷಧಾರಿಯೊಬ್ಬರ ಬಳಿ, ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕೂರಿಸಿದೆವು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕೆಯಾಗಿ ಮುಖದ ಮೇಲೆ ಉಬ್ಬುಚುಕ್ಕೆಗಳ ಚಿಟ್ಟಿ ಏಳುವುದನ್ನು ಅವರು ಎವೆಯಿಕ್ಕದೆ ನೋಡಿದರು. ಮರುವಾರ ಗೋದಾಮಿನಲ್ಲಿ ಎಂಟಡಿ ಉದ್ದದ ಹಲಗೆ ಹಾಸಿ, ಅದೇ ಅಕ್ಕಿಹಿಟ್ಟು, ಅದೇ ಸುಣ್ಣದಿಂದ ತಮ್ಮೂರಿನ ಬಿರಿದ ಕಪ್ಪು ನೆಲವನ್ನು ಚುಕ್ಕೆ ಚುಕ್ಕೆಯಾಗಿ ಎಬ್ಬಿಸತೊಡಗಿದರು. ವೇಷಧಾರಿಗಳು ಬಂದು ಹಲಗೆಯ ಮೇಲೆ ಬೆರಳಾಡಿಸಿ, “ಹಿಟ್ಟು ಇನ್ನೂ ಸ್ವಲ್ಪ ಗಟ್ಟಿಯಾಗಬೇಕು” ಎಂದರು. ಈ ಮಾತು ಬೇರೆ ಯಾವ ಊರಿನಲ್ಲಿ ಆ ಚಿತ್ರಕಾರರ ಕಿವಿಗೆ ಬೀಳುತ್ತಿತ್ತು? ರಥಬೀದಿಯ ಮನೆಯ ಒಳಗೋಡೆಯಲ್ಲಿ ಕಾವಿ ಕಲೆ ಬಲ್ಲವರಿಂದ ಕಲಿತು ನಮ್ಮ ಮಕ್ಕಳು ಬರೆದ ಬಳ್ಳಿಯನ್ನೂ ನೀವು ನೋಡಿದ್ದೀರಿ. ಹಸಿ ಸುಣ್ಣದ ಮೇಲೆ ಕೆಮ್ಮಣ್ಣು ಬಳಿದು, ಆರುವ ಮೊದಲು ಕೆರೆದು ಬಿಳಿಯನ್ನು ಹೊರತರುವ ಆ ವಿದ್ಯೆ ಗೋಡೆಯಿಲ್ಲದೆ ಉಳಿಯದು.

ಇನ್ನು ಖರ್ಚಿನ ಮಾತು. ಬಿದ್ದ ಭಾಗ ಎಂಟು ಅಂಕಣ (ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ), ಸುಮಾರು 2400 ಚದರಡಿ. ನೂರು ಚದರಡಿಗೆ 150 ಹಂಚಿನಂತೆ 3600 ಹಂಚು ಬೇಕು. ಅರ್ಧದಷ್ಟು ಆಯ್ದಿಟ್ಟದ್ದರಲ್ಲೇ ಸಿಗುತ್ತದೆ. ತೊಲೆ, ತಾಳೆಮರದ ಪಕ್ಕಾಸು, ರೀಪು, ಸುಣ್ಣದ ಗಾರೆ, ಹೊಸ ದಂಬೆ, ಆಚಾರಿಗಳ ಕೂಲಿ ಎಲ್ಲ ಸೇರಿ ಹತ್ತಿರ ಹತ್ತಿರ 18 ಲಕ್ಷ ರೂಪಾಯಿ ಆಗುತ್ತದೆ. ಅಂಕಣವೊಂದಕ್ಕೆ ಎರಡೂಕಾಲು ಲಕ್ಷ ಎಂದಿಟ್ಟುಕೊಳ್ಳಿ. ಇದುವರೆಗೆ ಕೂಡಿದ್ದು ಮೂರು ಅಂಕಣಕ್ಕೆ ಸಾಲುವಷ್ಟು ಮಾತ್ರ. ಉಳಿದ ಐದು ಅಂಕಣಗಳಿಗೆ ನಿಮ್ಮ ಮುಂದೆ ಕೈಚಾಚಿದ್ದೇವೆ. ಒಂದು ಮನೆತನ, ಒಂದು ಬ್ಯಾಂಕಿನ ನಿವೃತ್ತರ ಗುಂಪು, ಮುಂಬಯಿಯ ಅಥವಾ ಕೊಲ್ಲಿಯ ಒಂದು ತುಳುಕೂಟ ಸೇರಿ ಒಂದು ಅಂಕಣವನ್ನು ವಹಿಸಿಕೊಂಡರೆ ನಮ್ಮ ಹೊರೆ ಇಳಿಯುತ್ತದೆ. ಹತ್ತು ಹಂಚಿನ ಬೆಲೆ ಕೊಟ್ಟರೂ ಅಷ್ಟೇ ಗೌರವದಿಂದ ಸ್ವೀಕರಿಸುತ್ತೇವೆ, ಆದಾಯ ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತೇವೆ.

ಹಳೆ ಮನೆ ಕೆಡಹಿ ಫ್ಲ್ಯಾಟ್ ಕಟ್ಟಿಸುತ್ತಿರುವವರಲ್ಲಿ ಇನ್ನೊಂದು ಬೇಡಿಕೆ. ಹಂಚು, ಬೋಗಿ ಅಥವಾ ಹಲಸಿನ ತೊಲೆಗಳನ್ನು ಗುಜರಿಗೆ ಹಾಕುವ ಮೊದಲು ನಮಗೊಂದು ಮಾತು ತಿಳಿಸಿ. ಲಾರಿ ತಂದು ನಾವೇ ಒಯ್ಯುತ್ತೇವೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಹಳೆಯದಕ್ಕೆ ಸರಿಹೊಂದುವ ಹಂಚು ಹುಡುಕುವುದೇ ಒಂದು ತಪಸ್ಸಾಗಿದೆ.

ಬ್ಯಾಂಕ್ ಖಾತೆಯ ವಿವರ ಈ ಪತ್ರದೊಂದಿಗಿರುವ ಚೀಟಿಯಲ್ಲಿದೆ. ಲೆಕ್ಕಪತ್ರವನ್ನು ರಥಬೀದಿಯ ಮನೆಯ ಚಾವಡಿಯಲ್ಲಿ ಯಾವ ದಿನವಾದರೂ ಬಂದು ನೋಡಬಹುದು. ಶಿವರಾತ್ರಿ ಕಳೆದ ಕೂಡಲೇ ಮರ ಕೊಯ್ಯಲು ಆರಂಭಿಸುವುದಾಗಿ ಆಚಾರಿಗಳು ಒಪ್ಪಿದ್ದಾರೆ, ಅದಕ್ಕೆ ಮೊದಲು ಅವರಿಗೆ ಮುಂಗಡ ಸಲ್ಲಬೇಕು. ಕೊಪ್ಪಳದ ಹುಡುಗಿ ತನ್ನ ಹನ್ನೊಂದು ಅಚ್ಚುಗಳನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದಾಳೆ. ಮಾಡು ಏರಿದ ದಿನ ಫೋನ್ ಮಾಡಿ, ಕಾಗದ ತೆಗೆದುಕೊಂಡು ಬರುತ್ತೇನೆ ಎಂದಿದ್ದಾಳೆ.

ವಿಶ್ವಸ್ತ ಮಂಡಳಿಯ ಪರವಾಗಿ,
ಕಾರ್ಯದರ್ಶಿ
ರಥಬೀದಿ, ಮಂಗಳೂರು