ಉದ್ಯಮಶೀಲತೆಯ ಪಾಠದಲ್ಲಿ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಉದ್ಯಮಶೀಲತೆಯ ವಿಷಯವನ್ನು ಪದವಿ ವಿದ್ಯಾರ್ಥಿಗಳು ತಾವೇ ಓದಿ ಕಲಿಯುವಂತೆ ಸ್ವಯಂ ಕಲಿಕಾ ಸಾಮಗ್ರಿ ಒದಗಿಸುವ ಕ್ರಮವು, ಚಿಂಚೋಳಿ, ಜೇವರ್ಗಿಗಳಿಂದ ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗುವ, ರಾಶಿಯ ಕಾಲದಲ್ಲಿ ಹೊಲದಲ್ಲಿಯೇ ಉಳಿಯಬೇಕಾದ ನಮ್ಮ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಈಚೆಗೆ ನೆರೆಮನೆಯ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ನಾನು ನೋಡಿದ ಪುಸ್ತಿಕೆಯಲ್ಲಿ ಉದ್ಯಮಿಯ ಗುಣಗಳ ಪಟ್ಟಿಯಿತ್ತೇ ಹೊರತು ಒಂದು ರೂಪಾಯಿಯ ಲೆಕ್ಕವೂ ಇರಲಿಲ್ಲ.

ಗಂಜ್ ಎಂಬ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ ಒಂದು ಕ್ವಿಂಟಲ್ ತೊಗರಿ ಕೊಂಡು ಬೇಳೆ ಮಾಡಿಸಿದರೆ ಬೇಳೆ ಎಷ್ಟು, ನುಚ್ಚು ಎಷ್ಟು, ದನಗಳ ಮೇವಿಗೆ ಹೋಗುವ ಹೊಟ್ಟು ಎಷ್ಟು, ಹಮಾಲಿ ಮತ್ತು ಸಾಗಣೆ ಕಳೆದು ಉಳಿಯುವುದೇನು ಎಂಬುದನ್ನು ವಿದ್ಯಾರ್ಥಿಯೇ ವಿಚಾರಿಸಿ ಬರೆಯುವಂತೆ ಮೊದಲ ಘಟಕವನ್ನು ಹೆಣೆಯಬಹುದಲ್ಲವೇ? ಬೇಳೆ ಕೊಳ್ಳುವ ಅಂಗಡಿಯವರು ಉದ್ರಿ, ಅಂದರೆ ಹಣ ಆಮೇಲೆ ಕೊಡುತ್ತೇವೆ ಎಂದು ಹೇಳಿದರೆ ಮುಂದಿನ ಖರೀದಿಗೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಲ್ಲಿಯೇ ಎದುರಾಗುತ್ತದೆ. ಕಾಗದದಲ್ಲಿ ಲಾಭ ಕಂಡರೂ ಕೈಯಲ್ಲಿ ನಗದು ಇಲ್ಲದೆ ಸಣ್ಣ ವ್ಯವಹಾರ ನಿಂತುಹೋಗುವುದು ಹೇಗೆಂದು ಇದಕ್ಕಿಂತ ಸರಳವಾಗಿ ತಿಳಿಸುವುದು ಕಷ್ಟ. ನಮ್ಮ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ, ಇದು ಇದೇ ಊರಿನ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತೆಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಪೊಟ್ಟಣದ ಮೇಲೆ ಮುದ್ರಿಸುವಂತಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬೀದರಿನ ವಿದ್ಯಾರ್ಥಿಗೆ ಇದೇ ಬಗೆಯಲ್ಲಿ, ಲೋಹದ ಪಾತ್ರೆಗಳ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕಲೆಯ ಲೆಕ್ಕ ಕೊಡಬಹುದು: ಬೆಳ್ಳಿಯ ದರ ಏರಿದ ವಾರ, ಮೊದಲೇ ಬೆಲೆ ಒಪ್ಪಿಕೊಂಡ ಕುಶಲಕರ್ಮಿ ಏನು ಮಾಡಬೇಕು?

ಇಂಥ ಪ್ರಶ್ನೆಗಳಿಗೆ ಪುಸ್ತಕದ ಕೊನೆಯಲ್ಲಿ ಒಂದೇ ಉತ್ತರ ಮುದ್ರಿಸಲಾಗದು. ಆದ್ದರಿಂದ ಬೇರೆ ಬೇರೆ ರೀತಿಯಲ್ಲಿ ಬಿಡಿಸಿದ ಎರಡು ಮಾದರಿ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟು, ಯಾವುದು ಎಲ್ಲಿ ತಪ್ಪಿದೆ ಎಂದು ವಿದ್ಯಾರ್ಥಿಯೇ ಹುಡುಕುವಂತೆ ಮಾಡುವುದು ಒಳ್ಳೆಯದು. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತವೆಂಬ ಸಂಗತಿಯನ್ನೂ ದಪ್ಪ ಅಕ್ಷರದಲ್ಲಿ ಹಾಕಬೇಕು, ಏಕೆಂದರೆ ಅದಕ್ಕೂ ಹಣ ಕೇಳುವ ಮಧ್ಯವರ್ತಿಗಳಿದ್ದಾರೆ.

ಸ್ವಯಂ ಕಲಿಕೆ ಎಂಬುದು ಅಧ್ಯಾಪಕರ ಹುದ್ದೆಗಳನ್ನು ಖಾಲಿ ಬಿಡಲು ನೆಪವಾಗಕೂಡದು. ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕದ ವಹಿಯನ್ನು ನೋಡಿ ಪ್ರಶ್ನಿಸುವವರು ಬೇಕೇ ಬೇಕು. 1980ರಿಂದ ಈ ಭಾಗದ ಉನ್ನತ ಶಿಕ್ಷಣದ ಹೊಣೆ ಹೊತ್ತಿರುವ ಗುಲಬರ್ಗಾ ವಿಶ್ವವಿದ್ಯಾಲಯವು ಇಂಥ ಸಾಮಗ್ರಿಯನ್ನು ಕನ್ನಡದಲ್ಲಿ ಬರೆಯಿಸಲಿ, ಆ ವಹಿಗೂ ಪರೀಕ್ಷೆಯಲ್ಲಿ ಅಂಕ ನಿಗದಿ ಮಾಡಲಿ.

– ನಿವೃತ್ತ ವಾಣಿಜ್ಯ ಉಪನ್ಯಾಸಕ, ಕಲಬುರಗಿ